ಲೆಕ್ಕದವಳು ಯಾರ ಕಡೆ?

ರಾಜರಾಣಿಯರ ಕಾದಂಬರಿಗಳಲ್ಲಿ ಲೆಕ್ಕ ಬರೆಯುವವನ ಪಾಲಿಗೆ ಬರುವುದು ಒಂದೇ ಮಾತು: ‘ಬೊಕ್ಕಸ ಬರಿದಾಗಿದೆ, ಪ್ರಭು!’ ಅಷ್ಟು ಹೇಳಿ ಅವನು ಕಂಬದ ಹಿಂದೆ ಸರಿಯಬೇಕು. ಶಾನುಭೋಗರ ಮನೆಯಲ್ಲಿ ಹುಟ್ಟಿ, ಬ್ಯಾಂಕಿನ ಲೆಡ್ಜರುಗಳ ನಡುವೆ ಕೂದಲು ನರೆಸಿಕೊಂಡ ನನಗೆ ಇದು ಹಳೆಯ ಅಸಮಾಧಾನ. ಸೇತ್ ಡಿಕಿನ್‌ಸನ್ 2015ರಲ್ಲಿ ಪ್ರಕಟಿಸಿದ ‘ದಿ ಟ್ರೇಟರ್ ಬಾರು ಕಾರ್ಮೊರಂಟ್’ ಕಾದಂಬರಿಯ ನಾಯಕಿಯೇ ಅಕೌಂಟೆಂಟ್ ಎಂದು ಗೊತ್ತಾದದ್ದೇ ತಡ, ತರಿಸಿಕೊಂಡೆ.

ಬಾರು ದ್ವೀಪದ ಹುಡುಗಿ. ಮುಖವಾಡ ತೊಟ್ಟ ಸಾಮ್ರಾಜ್ಯವೊಂದು ಅವಳೂರಿಗೆ ವ್ಯಾಪಾರದ ನೆಪದಲ್ಲಿ ಬಂದು, ಕಾಗದದ ಹಣ ಹಂಚಿ, ಶಾಲೆ ತೆರೆದು, ಕೊನೆಗೆ ಯಾರು ಯಾರೊಂದಿಗೆ ಸಂಸಾರ ಮಾಡಬೇಕೆಂಬುದನ್ನೂ ತಾನೇ ಗೊತ್ತುಮಾಡುತ್ತದೆ. ಅವಳ ಇಬ್ಬರು ಅಪ್ಪಂದಿರಲ್ಲಿ ಒಬ್ಬ ಕಾಣೆಯಾಗುತ್ತಾನೆ. ಹುಡುಗಿ ಅವರದೇ ಶಾಲೆಯಲ್ಲಿ ಓದಿ, ಅವರದೇ ಪರೀಕ್ಷೆ ಪಾಸು ಮಾಡಿ, ಒಳಗಿನಿಂದಲೇ ಸೇಡು ತೀರಿಸುತ್ತೇನೆಂದು ಅವರದೇ ನೌಕರಿಗೆ ಸೇರುತ್ತಾಳೆ. ಪೋಸ್ಟಿಂಗು ಸಿಗುವುದು ಆರ್ಡ್ವಿನ್ ಎಂಬ ದಂಗೆಕೋರ ಪ್ರಾಂತಕ್ಕೆ. ಅಲ್ಲಿ ದಂಗೆಗೆ ಒಟ್ಟುಗೂಡುತ್ತಿದ್ದ ಹಣವನ್ನು ಒಬ್ಬ ಸಿಪಾಯಿಯನ್ನೂ ಕಳಿಸದೆ ನೀರು ಮಾಡಿಬಿಡುತ್ತಾಳೆ. ನೋಟಿನ ಬೆಲೆಯನ್ನೇ ಕೆಡವುತ್ತಾಳೆ, ಅಷ್ಟೆ! ಆ ಭಾಗ ಓದಿ ನನಗೆ ಮೈ ಜುಮ್ಮೆಂದಿತು. ಯುದ್ಧದ ಅಧ್ಯಾಯಗಳನ್ನು ಸ್ವಲ್ಪ ಹಾರಿಸಿದೆ.

ಓದುತ್ತ ಓದುತ್ತ ದಿವಾನ್ ಪೂರ್ಣಯ್ಯನವರು ನೆನಪಾದರು. ಅಂಗಡಿಯ ಲೆಕ್ಕ ಬರೆಯುತ್ತಿದ್ದ ಹುಡುಗ ಹೈದರನ ಕಣ್ಣಿಗೆ ಬಿದ್ದು, ಟಿಪ್ಪುವಿನ ಹಣಕಾಸು ನೋಡಿಕೊಂಡು, 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಗೆದ್ದವರ ಒಪ್ಪಿಗೆಯಿಂದಲೇ ಮೈಸೂರಿನ ದಿವಾನರಾದವರು. ಗದ್ದುಗೆಯ ಮೇಲೆ ಐದು ವರ್ಷದ ಮಗು. ಕಂಪನಿಗೆ ವರ್ಷವರ್ಷವೂ ಕಟ್ಟಬೇಕಾದದ್ದು 7 ಲಕ್ಷ ವರಾಹ. 1811ರವರೆಗೆ ಎರಡನ್ನೂ ತೂಗಿಸಿದರು. ಅವರನ್ನು ದ್ರೋಹಿ ಎನ್ನುವವರಿಗೂ ನಾಡು ಉಳಿಸಿದವರು ಎನ್ನುವವರಿಗೂ ಬರವಿಲ್ಲ. ನನ್ನ ಕುತೂಹಲ ಬೇರೆ: ಸುಲ್ತಾನನಿಗಾಗಿ ಕೂಡಿ ಕಳೆದ ಕೈ ಕಂಪನಿಗಾಗಿ ಮೊದಲ ಮೊತ್ತ ಬರೆಯುವಾಗ ಒಂದಿಷ್ಟಾದರೂ ತಡವರಿಸಿತೆ? ಬಾರುವಿಗೆ ಒಳಗೊಂದು ಗುಟ್ಟಿನ ಉದ್ದೇಶವಿತ್ತು, ಸರಿ. ಆದರೆ ದಿನವೂ ಬರೆಯುವ ಲೆಕ್ಕ ಯಾರದೋ, ಮನುಷ್ಯ ಮೆಲ್ಲಗೆ ಅವರವನೇ ಆಗಿಬಿಡುತ್ತಾನೆಂದು ನನ್ನ ಗುಮಾನಿ.

ನಮ್ಮ ಮನೆಯ ಅಟ್ಟದಲ್ಲಿ ಹಿರಿಯರ ಕಡತವೊಂದಿದೆ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು, ಒಣಗಿಸಿ, ಪದರಪದರವಾಗಿ ಮಡಚಿದ ಕಪ್ಪು ಪುಸ್ತಕ. ಬರೆದದ್ದು ಬಳಪದಲ್ಲಿ: ಖುಷ್ಕಿ ಎಷ್ಟು, ತರಿ ಎಷ್ಟು, ಯಾರ ಕಂದಾಯ ಬಾಕಿ. ಒದ್ದೆ ಬಟ್ಟೆ ಆಡಿಸಿದರೆ ಬಾಕಿಯೂ ಮಾಯ. ಇಂಥ ಅಧಿಕಾರ ಕೈಯಲ್ಲಿದ್ದವನನ್ನು ಯಾರು ನಂಬುತ್ತಾರೆ? 1961ರ ಕಾಯ್ದೆ ಈ ವಂಶಪಾರಂಪರ್ಯದ ಕೆಲಸಕ್ಕೆ ಮಂಗಳ ಹಾಡುವವರೆಗೂ ನಮ್ಮ ತಾತ ಅಮಲ್ದಾರರ ಮುಂದೆ ಸರ್ಕಾರದವರು, ಅವರ ಗಾಡಿ ಊರು ದಾಟಿದ ಮೇಲೆ ಊರಿನವರು. ರೈತನಿಗೆ ವಾಯಿದೆ ಕೊಡಿಸಿದರೆ ಮೇಲಿನವರು ಕೆಂಗಣ್ಣು ಬಿಡುತ್ತಿದ್ದರು. ವಸೂಲಿಗೆ ಹೋದರೆ ಕಟ್ಟೆಯ ಮೇಲಿದ್ದವರು ಎದ್ದುಹೋಗುತ್ತಿದ್ದರು.

“ಪೂರ್ಣಯ್ಯನವರಿಗಾದರೆ ಯಳಂದೂರು ಜಹಗೀರಿ ಬಂತು. ನಿಮ್ಮ ತಾತನಿಗೆ ಬಂದದ್ದು ಎರಡೂ ಕಡೆಯ ಬೈಗುಳ ಕಣೋ,” ಎನ್ನುತ್ತಿದ್ದರು ಅಜ್ಜಿ.