ರೊಟ್ಟಿಗೆ ಸಂದ ಮನ್ನಣೆ ಮಾತಿಗೂ ಸಲ್ಲಲಿ

ಅನ್ನ ಮತ್ತು ನುಡಿ ಎರಡನ್ನೂ ಮನುಷ್ಯನು ಒಂದೇ ಮಡಿಲಿನಲ್ಲಿ ಪಡೆಯುತ್ತಾನೆ. ಮಗುವಿನ ಬಾಯಿಗೆ ತುತ್ತನ್ನಿಡುವಾಗಲೇ ತಾಯಿಯು ಆ ತುತ್ತಿನ ಹೆಸರನ್ನೂ ಹೇಳಿಕೊಡುತ್ತಾಳೆ. ಹೀಗಾಗಿ ಒಂದು ಸೀಮೆಯ ಅಡುಗೆ ಮತ್ತು ಆ ಸೀಮೆಯ ಮಾತು ಒಡಹುಟ್ಟಿದವುಗಳೆಂದರೆ ತಪ್ಪಾಗದು. ಆದರೆ ಇತ್ತೀಚಿನ ದಿನಗಳಲ್ಲಿ ನಮ್ಮ ಭಾಗದ ಮನೆಗಳಲ್ಲಿ ಈ ಒಡಹುಟ್ಟಿದವರಿಬ್ಬರೂ ಬೇರೆಯಾಗುತ್ತಿರುವುದನ್ನು ನಾವು ಕಾಣುತ್ತಿದ್ದೇವೆ. ರೊಟ್ಟಿ ಹರಿವಾಣದಲ್ಲಿ ಉಳಿದಿದೆ. ರೊಟ್ಟಿಯ ಮಾತು ಮಕ್ಕಳ ನಾಲಿಗೆಯಿಂದ ಜಾರುತ್ತಿದೆ. ಈ ಕುರಿತು ನಮ್ಮ ಮನೆಯ ಅನುಭವವನ್ನು ವಾಚಕ ಬಂಧುಗಳೊಡನೆ ಹಂಚಿಕೊಳ್ಳಬೇಕೆನಿಸಿತು.

ನಾವು ಹಾವೇರಿಯಲ್ಲಿ ನೆಲೆಸಿದವರು. ತಂದೆಯವರ ಊರು ರಾಣೇಬೆನ್ನೂರು, ತಾಯಿಯವರ ತವರು ಬ್ಯಾಡಗಿ. ಬೆಳಿಗ್ಗೆ ಹೊರಟರೆ ಮೂರೂ ಊರುಗಳನ್ನು ಕಂಡು ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ಊರುಗಳೆಲ್ಲ ಧಾರವಾಡ ಜಿಲ್ಲೆಯಲ್ಲಿದ್ದವು. 1956ರ ಏಕೀಕರಣಕ್ಕೂ ಮುಂಚೆ ನಾವು ಮುಂಬಯಿ ಆಡಳಿತಕ್ಕೆ ಸೇರಿದವರು. ತುಂಗಭದ್ರೆಯ ಆಚೆಯ ಹರಿಹರದವರು ಮೈಸೂರಿನವರು. ಒಂದೇ ಹೊಳೆಯ ನೀರು ಕುಡಿದು, ಒಂದೇ ಕನ್ನಡವನ್ನಾಡುವ ಜನ ಎರಡು ಆಡಳಿತಗಳಲ್ಲಿ ಬಾಳಿದುದರಿಂದ ಮಾತಿನ ಬಣ್ಣದಲ್ಲಿಯೂ ವ್ಯತ್ಯಾಸಗಳು ಗಟ್ಟಿಯಾದವು. ಸಂಬಳಕ್ಕೆ ಪಗಾರ, ಆಸ್ಪತ್ರೆಗೆ ದವಾಖಾನೆ ಎನ್ನುವ ರೂಢಿ ನಮ್ಮಲ್ಲಿ ಬೇರೂರಿದ್ದು ಹೀಗೆ.

ನಮ್ಮ ಮಾತಿಗೆ ತನ್ನದೇ ಆದ ಕ್ರಮವಿದೆ. ಮನೆ ಎಂಬುದು ‘ಮನಿ’ಯಾಗುತ್ತದೆ, ಎಲೆ ‘ಎಲಿ’ಯಾಗುತ್ತದೆ, ಮನೆಯೊಳಗೆ ಎಂಬುದು ‘ಮನ್ಯಾಗ’ ಎಂದು ಹ್ರಸ್ವಗೊಳ್ಳುತ್ತದೆ. ಇದೆ ಎನ್ನುವಲ್ಲಿ ‘ಐತಿ’ ಎನ್ನುತ್ತೇವೆ. ಬಂದವರನ್ನು ‘ಬರ್ರಿ’ ಎಂದು ಕರೆದು, ‘ಊಟ ಆತೇನ್ರಿ?’ ಎಂದು ವಿಚಾರಿಸುವಾಗ ಆ ಒಂದು ‘ರಿ’ಕಾರದಲ್ಲಿಯೇ ಗೌರವವೆಲ್ಲ ಅಡಗಿರುತ್ತದೆ. ಹೆತ್ತ ತಾಯಿಯೇ ಮಗಳನ್ನು ‘ಯವ್ವಾ’ ಎಂದೂ ಮಗನನ್ನು ‘ಯಪ್ಪಾ’ ಎಂದೂ ಕರೆಯುವ ವಾತ್ಸಲ್ಯ ನಮ್ಮ ಸೀಮೆಯ ಸಂಪತ್ತು. ಇನ್ನು ಅಡುಗೆಮನೆಗೆ ಬಂದರೆ ಈರುಳ್ಳಿ ‘ಉಳ್ಳಾಗಡ್ಡಿ’, ಬೆಳ್ಳುಳ್ಳಿ ‘ಬಳ್ಳೊಳ್ಳಿ’, ಕಡಲೆಕಾಯಿ ‘ಶೇಂಗಾ’, ಹುರಿಗಡಲೆ ‘ಪುಠಾಣಿ’, ಸೌತೆಕಾಯಿ ‘ಸವತಿಕಾಯಿ’. ಹುಬ್ಬಳ್ಳಿಯ ಚುರುಮುರಿ ದಾವಣಗೆರೆಯನ್ನು ಮುಟ್ಟುವಷ್ಟರಲ್ಲಿ ಮಂಡಕ್ಕಿಯಾಗಿರುತ್ತದೆ. ನಡುವೆ ಇರುವ ನಮಗೆ ಎರಡೂ ಹೆಸರುಗಳು ಪರಿಚಿತ.

ನಮ್ಮ ಮೊಮ್ಮಗಳು ಬೆಂಗಳೂರಿನಲ್ಲಿ ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಒಮ್ಮೆ ತರಗತಿಯಲ್ಲಿ ಕಾಯಿಪಲ್ಯಗಳ ಹೆಸರು ಹೇಳುವಾಗ ಈ ಕೂಸು ‘ಉಳ್ಳಾಗಡ್ಡಿ’ ಎಂದಿತಂತೆ. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಅದು ಹಳ್ಳಿಯ ಮಾತು, ಹಾಗೆನ್ನಬಾರದು ಎಂದು ಶಿಕ್ಷಕರೂ ತಿದ್ದಿದರು. ಅಂದಿನಿಂದ ಫೋನಿನಲ್ಲಿ ನಮ್ಮ ತಾಯಿಯವರೊಡನೆ ಅವಳ ಮಾತು ‘ಹೂಂ’, ‘ಓಕೆ’ಗಳಿಗೆ ಸೀಮಿತವಾಯಿತು. ಬಾಯಿ ತೆರೆದರೆ ಯಾವ ಮಾತು ತಪ್ಪಾದೀತೋ ಎಂಬ ಅಂಜಿಕೆ. ಎಂಬತ್ತಾರು ವರ್ಷದ ತಾಯಿಯವರಿಗೆ ಕಾರಣ ತಿಳಿದಿರಲಿಲ್ಲ. ಒಂದು ಸಂಜೆ ಫೋನನ್ನು ಕೆಳಗಿಟ್ಟು, “ತಮ್ಮಾ, ಕೂಸಿಗೆ ನನ್ನ ಮಾತು ಬ್ಯಾಡಾತೇನು?” ಎಂದು ಕೇಳಿದರು. ಆ ಪ್ರಶ್ನೆಗೆ ಮನೆಯಲ್ಲಿ ಯಾರಲ್ಲಿಯೂ ಉತ್ತರವಿರಲಿಲ್ಲ.

ಬೇಸಿಗೆಯ ರಜೆಗೆ ಮೊಮ್ಮಗಳು ಬಂದಳು. ಅದು ವರ್ಷದ ಖಾರಪುಡಿ ಸಿದ್ಧಪಡಿಸುವ ಕಾಲ. ಬ್ಯಾಡಗಿಯಿಂದ ತಂದ ಮೆಣಸಿನಕಾಯಿಯನ್ನು ಬಿಸಿಲಿಗೆ ಹರವಿತ್ತು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ದೊರೆತಿರುವುದು ಬಹುಜನರಿಗೆ ಗೊತ್ತು. ಗಿಡ್ಡಗೆ ದಪ್ಪಗಿರುವುದು ಡಬ್ಬಿ, ನೀಳವಾಗಿ ತೆಳ್ಳಗಿರುವುದು ಕಡ್ಡಿ. ಸುಕ್ಕುಗಟ್ಟಿದ ಮೈ, ಕಡುಗೆಂಪು ಬಣ್ಣ, ಹಿತವಾದ ಖಾರ ಇದರ ಲಕ್ಷಣ. ಇದರಿಂದ ತೆಗೆಯುವ ಬಣ್ಣದ ಎಣ್ಣೆ ದೇಶವಿದೇಶಗಳ ಆಹಾರ ಪದಾರ್ಥಗಳಿಗೂ, ತುಟಿಗೆ ಹಚ್ಚುವ ಬಣ್ಣಕ್ಕೂ ಸೇರುತ್ತದೆ. ತವರಿನ ಈ ಕಾಯಿಯ ಮೇಲೆ ನಮ್ಮ ತಾಯಿಯವರಿಗೆ ಎಲ್ಲಿಲ್ಲದ ಅಭಿಮಾನ.

ತಾಯಿಯವರು ಮೊಮ್ಮಗಳಿಗೆ ಬುದ್ಧಿವಾದ ಹೇಳಲಿಲ್ಲ. “ಬಾ ಯವ್ವಾ, ಇಲ್ಲಿ ಕುಂದರು. ತೊಟ್ಟು ಬಿಡಿಸಾಕ ನನಗ ಕಣ್ಣು ಕಾಣವಲ್ಲವು. ನೀ ಒಂಚೂರು ಕೈ ಹಚ್ಚು” ಎಂದರು. ಕೆಲಸಕ್ಕೆ ಕರೆದರೆ ಮಕ್ಕಳು ಹಿಗ್ಗುತ್ತಾರೆ. ಕೂಸು ಮಗ್ಗುಲಲ್ಲಿ ಕುಳಿತಿತು. ಕೊತ್ತಂಬರಿ, ಜೀರಿಗೆ, ಮೆಂತ್ಯ, ಲವಂಗ, ಒಣಕೊಬ್ಬರಿ ಒಂದೊಂದಾಗಿ ಹೊರಬಂದವು. ಉಳ್ಳಾಗಡ್ಡಿಯ ಸರದಿ ಬಂದಾಗ ತಾಯಿಯವರು, “ನಿಮ್ಮ ಬೆಂಗಳೂರಾಗ ಇದಕ್ಕ ಏನಂತಾರ?” ಎಂದು ಕೇಳಿದರು. ಕೂಸು ತಲೆ ತಗ್ಗಿಸಿ “ಈರುಳ್ಳಿ” ಎಂದಿತು.

“ಅದೂ ಚಂದ ಐತಿ. ನಾವು ಉಳ್ಳಾಗಡ್ಡಿ ಅಂತೀವಿ. ಯಾವ ಹೆಸರಿಟ್ಟು ಹೆಚ್ಚಿದ್ರೂ ಕಣ್ಣಾಗ ನೀರು ಬರೋದು ಬರೋದ ಅಲ್ಲೇನು?”

ಮಗು ನಕ್ಕಿತು. ತರಗತಿಯಲ್ಲಿ ತನ್ನನ್ನು ಕಂಡು ನಕ್ಕ ಮಾತಿಗೆ ತಾನೇ ಮನಸಾರೆ ನಕ್ಕಾಗ ಅದರ ಮುಳ್ಳು ಕಳಚಿದಂತಾಯಿತು. ಮರುದಿನ ಅವಳು ಒಂದು ನೋಟುಬುಕ್ಕು ಹಿಡಿದು ಬಂದಳು. ಎಡಕ್ಕೆ ಆಯಿಯ ಮಾತು, ಬಲಕ್ಕೆ ಬೆಂಗಳೂರಿನ ಮಾತು. ರೊಟ್ಟಿ ಬಡಿಯುವಾಗ ‘ಎಸರು’, ‘ಹಂಚು’, ‘ಪರಾತ’. ಊಟಕ್ಕೆ ಕುಳಿತಾಗ ‘ಎಣಗಾಯಿ’, ‘ಪುಂಡಿಪಲ್ಯ’, ‘ಜುಣಕ’, ‘ಶೇಂಗಾ ಹಿಂಡಿ’, ‘ಮಾದಲಿ’. ಪಂಚಮಿಯ ಉಂಡಿಗಳ ಹೆಸರುಗಳೇ ಅರ್ಧ ಪುಟವಾದವು. ರಜೆ ಮುಗಿಯುವಾಗ 60ಕ್ಕೂ ಹೆಚ್ಚು ಮಾತುಗಳು ಕೂಡಿದ್ದವು.

ಆದರೆ ಬಲಗಡೆಯ ಸಾಲಿನಲ್ಲಿ ಕೆಲವು ಮನೆಗಳು ಖಾಲಿಯೇ ಉಳಿದವು. ಎಳೆಯ ಜೋಳದ ತೆನೆಯನ್ನು ಸುಟ್ಟು ತಿನ್ನುವ ‘ಸೀತನಿ’, ನೆಲದೊಳಗೆ ಕಾಳು ತುಂಬಿಡುತ್ತಿದ್ದ ‘ಹಗೇವು’, ಕಣದಲ್ಲಿ ಎತ್ತುಗಳನ್ನು ತಿರುಗಿಸಿ ತೆನೆ ತುಳಿಸುವ ‘ಹಂತಿ’. ತೋರಿಸಿರೆಂದು ಕೂಸು ಹಟ ಹಿಡಿಯಿತು. ಏನನ್ನು ತೋರಿಸುವುದು? ಒಂದು ಕಾಲಕ್ಕೆ ಜೋಳ ತೂಗುತ್ತಿದ್ದ ನಮ್ಮ ಜಿಲ್ಲೆಯ ಹೊಲಗಳನ್ನು ಇಂದು ಬಹುಮಟ್ಟಿಗೆ ಗೋವಿನಜೋಳ ಆವರಿಸಿದೆ. ನಮ್ಮ ಮನೆಯ ರೊಟ್ಟಿಗೆ ಬಿಳಿಜೋಳ ಬರುವುದು ವಿಜಯಪುರದ ಕಡೆಯಿಂದ. ರೈತನು ತನಗೆ ಅನುಕೂಲವಾದ ಬೆಳೆಯನ್ನು ಬೆಳೆಯುವುದು ನ್ಯಾಯವೇ ಆಗಿದೆ. ಆದರೆ ಬೆಳೆ ಹೋದಲ್ಲಿ ಅದರ ಸುತ್ತಲಿನ ಮಾತುಗಳೂ ಹೋಗುತ್ತವೆಂಬುದು ಆ ಖಾಲಿ ಮನೆಗಳನ್ನು ಕಂಡಾಗ ನಮಗೆ ಸ್ಪಷ್ಟವಾಯಿತು.

ಸೋಜಿಗದ ಸಂಗತಿಯೆಂದರೆ, ರೊಟ್ಟಿಗೆ ಇಂದು ಎಲ್ಲಿಲ್ಲದ ಮನ್ನಣೆ. ವಿಶ್ವಸಂಸ್ಥೆಯು 2023ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಜೋಳವೂ ಆ ಪಂಕ್ತಿಯಲ್ಲಿ ಕುಳಿತಿತು. ಸಕ್ಕರೆ ಕಾಯಿಲೆಯವರಿಗೆ ವೈದ್ಯರು ರೊಟ್ಟಿಯನ್ನು ಸೂಚಿಸುತ್ತಾರೆ. ಬೆಂಗಳೂರಿನಲ್ಲಿ ಉತ್ತರ ಕರ್ನಾಟಕದ ಖಾನಾವಳಿಗಳ ಮುಂದೆ ಜನ ಕಾದು ನಿಲ್ಲುತ್ತಾರೆ. ಅದೇ ರೊಟ್ಟಿಯನ್ನು ಬಡಿಯುವ ತಾಯಿಯ ಮಾತು ಮಾತ್ರ ಚಲನಚಿತ್ರಗಳಲ್ಲಿ ನಗೆಯ ಪಾತ್ರಕ್ಕೆ ಮೀಸಲು. ಅನ್ನವನ್ನು ಮೆಚ್ಚಿ ಅನ್ನವಿಕ್ಕಿದವಳ ನುಡಿಯನ್ನು ಹೀಗಳೆಯುವುದು ಯಾವ ನ್ಯಾಯ?

ಈ ಮಾತು ಕೀಳಾಗಿದ್ದರೆ ಶಿಶುನಾಳದ ಶರೀಫರ ತತ್ವಪದಗಳು ಜನರ ನಾಲಿಗೆಯ ಮೇಲೆ ಉಳಿಯುತ್ತಿರಲಿಲ್ಲ. ಧಾರವಾಡದ ಆಡುಮಾತಿಗೆ ಕಾವ್ಯದ ಗದ್ದುಗೆಯನ್ನು ಕೊಟ್ಟ ಬೇಂದ್ರೆಯವರಿಗೆ 1973ನೆಯ ಸಾಲಿನ ಜ್ಞಾನಪೀಠ ಸಂದಿತು. ಬೆಳಗಾವಿ ಸೀಮೆಯ ಮಾತಿನಲ್ಲಿ ನಾಟಕ ಬರೆದ ಚಂದ್ರಶೇಖರ ಕಂಬಾರರಿಗೆ 2010ನೆಯ ಸಾಲಿನದು. ಇನ್ನೂ ಹಿಂದಕ್ಕೆ ನೋಡಿದರೆ, ಹನ್ನೆರಡನೆಯ ಶತಮಾನದ ಶರಣರು ಅನುಭಾವವನ್ನು ಹೇಳಲು ಜನರಾಡುವ ನುಡಿಯನ್ನೇ ಆಯ್ದುಕೊಂಡರು. ಅಂಬಿಗರ ಚೌಡಯ್ಯನವರ ಹೆಸರನ್ನು ಹೊತ್ತ ಚೌಡಯ್ಯದಾನಪುರ ನಮ್ಮ ರಾಣೇಬೆನ್ನೂರು ತಾಲೂಕಿನಲ್ಲಿಯೇ ತುಂಗಭದ್ರೆಯ ದಂಡೆಯ ಮೇಲಿದೆ. ಆ ಪರಂಪರೆಯ ಮನೆಗಳಲ್ಲಿ ಮಕ್ಕಳು ತಮ್ಮ ಮಾತಿಗೆ ನಾಚುವಂತಾಗಬಾರದು.

ಮಕ್ಕಳು ಗ್ರಾಂಥಿಕ ಕನ್ನಡವನ್ನು ಕಲಿಯಬಾರದೆಂದು ನಮ್ಮ ಅಭಿಪ್ರಾಯವಲ್ಲ. ಈ ಲೇಖನವನ್ನೂ ನಾವು ಅದರಲ್ಲಿಯೇ ಬರೆಯುತ್ತಿದ್ದೇವೆ. ಅದು ನಾಡಿನ ಹೆದ್ದಾರಿ. ಎಲ್ಲ ಕನ್ನಡಿಗರೂ ಅಲ್ಲಿ ಸಂಧಿಸುತ್ತಾರೆ. ಆದರೆ ಹೆದ್ದಾರಿಯಲ್ಲಿ ಎಷ್ಟು ದೂರ ನಡೆದರೂ ಕೊನೆಗೆ ಮನೆಯ ಓಣಿಗೆ ತಿರುಗಲೇಬೇಕು. ಓಣಿಯನ್ನು ಮರೆತವನು ಹೆದ್ದಾರಿಯಲ್ಲಿಯೇ ಉಳಿದುಬಿಡುತ್ತಾನೆ.

ಈಗ ಪ್ರತಿ ರವಿವಾರ ಬೆಂಗಳೂರಿನಿಂದ ಫೋನು ಬರುತ್ತದೆ. “ಆಯಿ, ಇವತ್ತು ಯಾವ ಮಾತು?” ಎಂದು ಕೂಸು ಕೇಳುತ್ತದೆ. ವಾರಕ್ಕೊಂದು ಮಾತು ಹೇಳುವುದು ತಾಯಿಯವರಿಗೆ ಒಂದು ವ್ರತವಾಗಿದೆ. ಹಿರಿಯರಿರುವ ಪ್ರತಿಯೊಂದು ಮನೆಯಲ್ಲಿಯೂ ಇದನ್ನು ಮಾಡಬಹುದು, ಇದಕ್ಕೆ ಖರ್ಚಿಲ್ಲ. ದಿನಕ್ಕೊಮ್ಮೆಯಾದರೂ ಮನೆಮಂದಿಯೆಲ್ಲ ಕೂಡಿ ಪ್ರಸಾದಕ್ಕೆ ಕೂಡೋಣ. ಹರಿವಾಣದಲ್ಲಿರುವುದರ ಹೆಸರನ್ನು ನಮ್ಮ ಹಿರಿಯರು ಹೇಳಿದಂತೆಯೇ ಹೇಳೋಣ. ಮಕ್ಕಳು ಹಾಗೆ ಹೇಳಿದಾಗ ನಗದಿರೋಣ, ತಿದ್ದದಿರೋಣ. ರೊಟ್ಟಿಯ ಮೇಲೆ ಬೆಣ್ಣೆ ಇಡುವಾಗ ಒಂದು ‘ಯವ್ವಾ’, ಒಂದು ‘ಯಪ್ಪಾ’ ಕೂಡಿ ಬಡಿಸಿದರೆ ಆ ತುತ್ತು ಮೈಗೂ ಹತ್ತುತ್ತದೆ, ಮನಸ್ಸಿಗೂ ಹತ್ತುತ್ತದೆ.