ಮಾರ್ಜಿನ್ ಬಟ್ಟೆ

2024 ಏಪ್ರಿಲ್ 14, ಭಾನುವಾರ. ಮೈಸೂರು

ಯುಗಾದಿಗೆಂದು ತಂದ ಚೂಡಿದಾರದ ಬಟ್ಟೆಯನ್ನು ಹಬ್ಬ ಮುಗಿದು ಐದು ದಿನಕ್ಕೆ ಟೈಲರಮ್ಮನ ಕೈಗೆ ಕೊಟ್ಟೆ. ಅವರ ಅಳತೆ ಪುಸ್ತಕದಲ್ಲಿ ನನ್ನದೇ ಒಂದು ಹಾಳೆ ಇದೆ. 2011ರಲ್ಲಿ ಸೊಂಟ 29. ಮಗಳು ಹುಟ್ಟಿದ ಮೇಲೆ 33. ಇವತ್ತು ಉಸಿರು ಬಿಗಿಹಿಡಿದು ನಿಂತರೂ 36½. "ಉಸಿರು ಬಿಡಿ ಮೇಡಂ, ಆಮೇಲೆ ನನ್ನನ್ನೇ ಬೈತೀರ" ಅಂದರು. ಬರೆದುಕೊಂಡು, ಪೆನ್ಸಿಲ್ ಕಿವಿಗೆ ಸಿಕ್ಕಿಸಿ, "ಒಳಗೆ ಒಂದಿಂಚು ಮಾರ್ಜಿನ್ ಬಿಟ್ಟಿರ್ತೀನಿ, ಮುಂದಕ್ಕೆ ಬೇಕಾಗತ್ತೆ" ಎಂದು ಸೇರಿಸಿದರು.

ಆ 'ಮುಂದಕ್ಕೆ' ಮನೆವರೆಗೂ ನನ್ನ ಹಿಂದೆಯೇ ಬಂತು.

ಮನಸ್ಸು ಗಟ್ಟಿ ಮಾಡಿದ್ದೇನೆ, ಹೊಟ್ಟೆಯ ಕೊಬ್ಬು ತೆಗೆಸಿಬಿಡುವುದು. ಬಳೆ ಮಾಡಿಸಲೆಂದು ಎತ್ತಿದ ಚೀಟಿ ದುಡ್ಡು ಬ್ಯಾಂಕಿನಲ್ಲಿದೆ. ಇನ್ಶೂರೆನ್ಸು ಇಂಥದ್ದಕ್ಕೆ ಬಿಡಿಗಾಸೂ ಕೊಡುವುದಿಲ್ಲ. ಮೊದಲು ಅಕ್ಕನಿಗೆ ಹೇಳಿದೆ, ಆಮೇಲೆ ಇವರಿಗೆ. "ನಿನಗೇನಾಗಿದೆ, ಚೆನ್ನಾಗೇ ಇದ್ದೀಯಲ್ಲ" ಅಂದರು, ಪೇಪರಿನಿಂದ ತಲೆ ಎತ್ತದೆ. ತಲೆ ಎತ್ತಿ ಅಂದಿದ್ದರೆ ಬಳೆಯನ್ನೇ ಕೊಂಡುಬಿಡುತ್ತಿದ್ದೆನೇನೋ.

2024 ಏಪ್ರಿಲ್ 20, ಶನಿವಾರ. ಬೆಂಗಳೂರು

ಅಕ್ಕ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡೇ ಬಂದಿದ್ದಳು. ಐಸಿಯು ಇದೆಯಾ? ಅನಸ್ತೇಸಿಯಾ ಕೊಡುವವರು ಕೊನೆವರೆಗೂ ಜೊತೆಗಿರ್ತಾರಾ? ಒಂದೇ ಸಲಕ್ಕೆ ಎಷ್ಟು ಲೀಟರ್ ತೆಗೀತೀರಿ? 2022ರ ಮೇ ತಿಂಗಳಲ್ಲಿ ಇದೇ ಊರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬಳು ಕೊಬ್ಬು ತೆಗೆಸಿಕೊಳ್ಳಲು ಹೋಗಿ ತೀರಿಕೊಂಡದ್ದನ್ನು ಅವಳು ಮರೆತಿಲ್ಲ. ಡಾಕ್ಟರು ಬೇಜಾರು ಮಾಡಿಕೊಳ್ಳಲಿಲ್ಲ. "ಐದು ಲೀಟರ್ ದಾಟಿದರೆ ಅದು ದೊಡ್ಡ ಆಪರೇಷನ್ನೇ. ನಿಮ್ಮ ತಂಗಿಗೆ ಮೂರರ ಒಳಗೆ ನಿಲ್ಲಿಸ್ತೀನಿ."

ಆಮೇಲೆ ನನ್ನ ಹೊಟ್ಟೆಯ ಮಡಿಕೆಯನ್ನು ಎರಡು ಬೆರಳಲ್ಲಿ ಹಿಡಿದರು, ತರಕಾರಿ ಅಂಗಡಿಯಲ್ಲಿ ಬದನೆಕಾಯಿ ಒತ್ತಿ ನೋಡಿದ ಹಾಗೆ. "ಕೈಗೆ ಸಿಗೋದು ಚರ್ಮದ ಕೆಳಗಿನದು, ಅದನ್ನ ತೆಗೀಬಹುದು. ಕರುಳಿನ ಸುತ್ತ ಕೂತಿರೋದು ನನ್ನ ನಳಿಗೆಗೆ ಸಿಗೋದಿಲ್ಲ. ತೂಕ ಇಳಿಸೋಕೆ ಬಂದಿದ್ರೆ ಇವತ್ತೇ ವಾಪಸ್ ಹೋಗಿ. ಇದು ಆಕಾರದ ಕೆಲಸ."

ನನ್ನ ಎತ್ತರ 157 ಸೆಂ.ಮೀ., ತೂಕ 66. ಬಿಎಂಐ 26.8. ನಮ್ಮ ದೇಶದವರಿಗೆ 25 ದಾಟಿದರೇ ಬೊಜ್ಜು ಎಂದು ಲೆಕ್ಕ, ಹೆಂಗಸರ ಸೊಂಟ 80 ಸೆಂ.ಮೀ. ಮೀರಬಾರದು. ಪಿಯುಸಿ ಮಕ್ಕಳಿಗೆ ಇದನ್ನೆಲ್ಲ ಪಾಠ ಮಾಡುವವಳೇ ನಾನು. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಅಕ್ಕಪಕ್ಕ ನಿಂತಿರುವ ಫೋಟೋವನ್ನು ಪ್ರತಿ ವರ್ಷ ತೋರಿಸುತ್ತೇನೆ. ಇಬ್ಬರದೂ ಬಿಎಂಐ 22.3. ಮೈಯಲ್ಲಿರುವ ಕೊಬ್ಬು ಮಾತ್ರ ಯುಡ್ಕಿನ್‌ರದ್ದು ಶೇ. 9.1, ಯಾಜ್ಞಿಕ್‌ರದ್ದು ಶೇ. 21.2. ಮಕ್ಕಳು ನಗುತ್ತಾರೆ.

ನನ್ನ ಎಚ್‌ಬಿಎ1ಸಿ 5.9. ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದದ್ದು ನನ್ನ ವಯಸ್ಸಿನಲ್ಲೇ. ಕೊಬ್ಬು ತೆಗೆಸಿದರೆ ಅದೂ ಇಳಿಯಬಹುದೇ ಎಂದು ಕೇಳಿದೆ. ಇಲ್ಲ ಅಂದರು. ಅಮೆರಿಕದ ಸೇಂಟ್ ಲೂಯಿಯಲ್ಲಿ 15 ಮಂದಿ ದಪ್ಪ ಹೆಂಗಸರ ಹೊಟ್ಟೆಯಿಂದ ಹತ್ತತ್ತು ಕಿಲೋ ಕೊಬ್ಬು ತೆಗೆದು ಎರಡೂವರೆ-ಮೂರು ತಿಂಗಳ ಮೇಲೆ ನೋಡಿದರೆ ಇನ್ಸುಲಿನ್, ಬಿ.ಪಿ., ಕೊಲೆಸ್ಟರಾಲ್ ಯಾವುದೂ ಅಲ್ಲಾಡಿರಲಿಲ್ಲವಂತೆ. 2004ರ ಅಧ್ಯಯನ. ಹಸಿವಿನಲ್ಲಿ ಕರಗಿದ ಕೊಬ್ಬಿಗೂ ನಳಿಗೆಯಲ್ಲಿ ಹೋದ ಕೊಬ್ಬಿಗೂ ವ್ಯತ್ಯಾಸವನ್ನು ಮೈಯೇ ಬಲ್ಲದು.

ಹಾಗಾದರೂ ಮಾಡಿಸುತ್ತೇನೆ ಅಂದೆ. ಅಕ್ಕ ಚೀಟಿ ಮಡಚಿ ಪರ್ಸಿಗೆ ಹಾಕಿಕೊಂಡಳು.

2024 ಏಪ್ರಿಲ್ 27, ಶನಿವಾರ

ಚುನಾವಣೆ ಡ್ಯೂಟಿ ನಿನ್ನೆಗೆ ಮುಗಿಯಿತು. ಪಿಯುಸಿ ಪರೀಕ್ಷೆ-2ರ ಪಟ್ಟಿಯಲ್ಲಿ ನನ್ನ ಹೆಸರಿಲ್ಲ, ಪುಣ್ಯ. ಅತ್ತೆಗೆ ಹರ್ನಿಯಾ ಆಪರೇಷನ್ ಎಂದು ಹೇಳಿದ್ದೇನೆ. ಸುಳ್ಳು ಹೇಳುವಾಗ ವಿಜ್ಞಾನದ ಪದ ಬಳಸಿದರೆ ಧೈರ್ಯ ಬರುತ್ತದೆ.

ರಾತ್ರಿ ನಿದ್ದೆ ಬಾರದೆ ಕೊಬ್ಬು ತೆಗೆಯುವ ಈ ವಿದ್ಯೆಯ ಚರಿತ್ರೆ ಓದುತ್ತಾ ಕೂತೆ. 1977ರಲ್ಲಿ ಪ್ಯಾರಿಸ್ಸಿನ ಇಲ್ಲೂಝ್ ಎಂಬ ಡಾಕ್ಟರ ಬಳಿಗೆ ಒಬ್ಬ ನಟಿ ಬೆನ್ನಿನ ಕೊಬ್ಬುಗಂಟು ತೆಗೆಸಲು ಬಂದಳಂತೆ. ಗಾಯದ ಗುರುತು ಉಳಿಯಬಾರದು, ಬೆನ್ನು ಕಾಣುವ ಉಡುಪು ಹಾಕಬೇಕು. ಸಣ್ಣ ತೂತಿನಿಂದ ಮೊಂಡು ನಳಿಗೆ ತೂರಿಸಿ ಹೀರಿ ತೆಗೆದರು. ಆದರೆ ರಕ್ತ ತುಂಬ ಹೋಗುತ್ತಿತ್ತು. ಅದಕ್ಕೆ ದಾರಿ ಕಂಡದ್ದು 1985ರಲ್ಲಿ, ಕ್ಯಾಲಿಫೋರ್ನಿಯಾದ ಚರ್ಮವೈದ್ಯ ಜೆಫ್ರಿ ಕ್ಲೈನ್. ಸಲೈನಿಗೆ ತೆಳ್ಳಗೆ ಲಿಗ್ನೋಕೇನ್, ಅಡ್ರಿನಲಿನ್ ಬೆರೆಸಿ ಕೊಬ್ಬಿನೊಳಗೆ ತುಂಬಿಸಿದರೆ ಅಡ್ರಿನಲಿನ್‌ಗೆ ರಕ್ತನಾಳ ಮುದುಡಿಕೊಳ್ಳುತ್ತದೆ, ಲಿಗ್ನೋಕೇನ್‌ಗೆ ನೋವು ಸಾಯುತ್ತದೆ. ನನ್ನ ಮೈಗೂ ಅದೇ ನೀರು.

2024 ಮೇ 2, ಗುರುವಾರ. ಅಕ್ಕನ ಮನೆ

ಮೊನ್ನೆ ಆಯಿತು. ಒಳಗೆ ಕರೆದೊಯ್ಯುವ ಮುಂಚೆ ನಿಲ್ಲಿಸಿ ಹೊಟ್ಟೆ, ಪಕ್ಕೆಗಳ ಮೇಲೆ ಮಾರ್ಕರಿನಿಂದ ಸುತ್ತುಗೆರೆ ಎಳೆದರು. ಹೈಸ್ಕೂಲಿನ ಭೂಗೋಳದ ಸಮೋನ್ನತಿ ರೇಖೆಗಳು ನೆನಪಾದವು. ಕಡಿದಾದ ಗುಡ್ಡಕ್ಕೆ ಹತ್ತಿರ ಹತ್ತಿರ ಗೆರೆ. ಮಲಗಿದರೆ ಕೊಬ್ಬು ಜರುಗಿಬಿಡುತ್ತದೆ, ಅದಕ್ಕೇ ನಿಂತಾಗಲೇ ಗುರುತು.

ಒಟ್ಟು ಮೂರು ಲೀಟರ್ ಹೊರಬಂತಂತೆ, ಅದರಲ್ಲಿ ತೇಲಿ ನಿಂತ ಕೊಬ್ಬು ಎರಡು ಲೀಟರಿನ ಆಸುಪಾಸು. ಜಾಡಿಯ ಫೋಟೋ ತೋರಿಸಿದರು. ಅತ್ತೆ ಬೆಣ್ಣೆ ಕಾಯಿಸುವಾಗ ಪಾತ್ರೆಯಲ್ಲಿ ಕಾಣುವ ಹಳದಿ, ತಳದಲ್ಲಿ ಕೆಂಪು ನೀರು. ಲೀಟರಿಗೆ 900 ಗ್ರಾಂ ಎಂದು ಹಿಡಿದರೆ ಎರಡು ಕಿಲೋಗೂ ಕಡಿಮೆ. "ಕಿಲೋ ಲೆಕ್ಕ ಹಾಕಬೇಡ, ಬಂಗಾರಕ್ಕಿಂತ ತುಟ್ಟಿ ಅನ್ಸತ್ತೆ" ಅಂದಳು ಅಕ್ಕ. ಅವಳಿಗೆ ಬಂಗಾರದ ರೇಟು ಗೊತ್ತಿಲ್ಲವೆಂದಲ್ಲ.

ಯಾರೂ ಮೊದಲೇ ಸರಿಯಾಗಿ ಹೇಳದಿದ್ದದ್ದು ಸೋರುವ ವಿಷಯ. ತೂತುಗಳನ್ನು ಪೂರ್ತಿ ಹೊಲಿಯುವುದಿಲ್ಲ, ತುಂಬಿಸಿದ ನೀರು ಹೊರಗೆ ಹೋಗಬೇಕು. ಎರಡು ರಾತ್ರಿ ತಿಳಿಗೆಂಪು ನೀರು. ಅಮ್ಮನ ಹಳೆಯ ವಾಯಿಲ್ ಸೀರೆಗಳನ್ನು ಮಡಚಿ ಹಾಸಿದಳು ಅಕ್ಕ, ಕೆಳಗೆ ಪ್ಲಾಸ್ಟಿಕ್. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು ಎರಡು ಗಂಟೆಗೊಮ್ಮೆ ಎಬ್ಬಿಸಿ ಹಾಲ್‌ನಲ್ಲಿ ನಡೆಸುತ್ತಾಳೆ. ಬಾಣಂತನಕ್ಕೆ ಬಂದ ಹಾಗಿದೆ, ಮಗು ಒಂದಿಲ್ಲ.

2024 ಮೇ 5, ಭಾನುವಾರ

ತೂಕ ನೋಡಿದೆ. 67.6. ಜಾಸ್ತಿ ಆಗಿದೆ! ಬಾವು ಎಂದು ಗೊತ್ತು, ನೀರು ಎಂದು ಗೊತ್ತು. ಆದರೂ ಬಚ್ಚಲಲ್ಲಿ ನಲ್ಲಿ ತಿರುಗಿಸಿಕೊಂಡು ಅತ್ತೆ.

2024 ಮೇ 19, ಭಾನುವಾರ. ಮೈಸೂರು

ಎದೆಯ ಕೆಳಗಿನಿಂದ ಮಂಡಿಯವರೆಗೆ ಒತ್ತುಡುಪು, ದಿನಕ್ಕೆ 23 ಗಂಟೆ, ಆರು ವಾರ. ಅದೂ ಈ ಬೇಸಿಗೆಯಲ್ಲಿ. ಬಿಚ್ಚಿದ ಒಂದು ಗಂಟೆಯಲ್ಲಿ ಸ್ನಾನ, ಒಗೆಯುವುದು, ಫ್ಯಾನಿನ ಕೆಳಗೆ ಒಣಗಿಸುವುದು. ಹೊಟ್ಟೆ ಮುಟ್ಟಿದರೆ ಬೇರೆ ಯಾರದೋ ಹೊಟ್ಟೆ ಮುಟ್ಟಿದಂತೆ, ಮರಗಟ್ಟಿದೆ. ನೀಲಿ ಹೋಗಿ ಹಳದಿ, ಮಾವಿನಹಣ್ಣಿನ ಸೀಸನ್ನಿಗೆ ತಕ್ಕ ಬಣ್ಣ.

ಅತ್ತೆ ಇವತ್ತು ಒಣಗಲು ಹಾಕಿದ್ದನ್ನು ಎತ್ತಿ ನೋಡಿದರು. "ಹರ್ನಿಯಾಕ್ಕೆ ಮಂಡಿವರೆಗೂ ಚಡ್ಡಿ ಹಾಕಿಸ್ತಾರೇನಮ್ಮ?" ನಾನು ಸುಮ್ಮನಿದ್ದೆ. ಅವರೇ ಹಾಕಿಕೊಳ್ಳಲು ಸಹಾಯ ಮಾಡಿದರು, ಕೊಕ್ಕೆಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಸಿಕ್ಕಿಸುತ್ತಾ. "ಬಾಣಂತೀಲಿ ನಾನು ಸೀರೆ ಸುತ್ತಿ ಕಟ್ಟಿದ್ದನ್ನ ಎರಡನೇ ವಾರಕ್ಕೇ ಬಿಚ್ಚಿ ಬಿಸಾಡಿದ್ಯಲ್ಲ. ಆಗ ಬಿಟ್ಟಿ ಇತ್ತು." ಅಷ್ಟೇ. ಮತ್ತೆ ಆ ಮಾತೆತ್ತಲಿಲ್ಲ. ರಾತ್ರಿ ಮೆಣಸಿನ ಸಾರಿಗೆ ತುಪ್ಪ ಮಾತ್ರ ಎರಡು ಚಮಚ ಹಾಕಿದರು, ಗಾಯ ಮಾಗಲಿ ಎಂದು.

2024 ಜೂನ್ 9, ಭಾನುವಾರ

ಕಾಲೇಜು ಶುರುವಾಗಿ ಒಂದು ವಾರ. ಸ್ಟಾಫ್‌ರೂಮಿನಲ್ಲಿ ಎಲ್ಲರ ಬಾಯಲ್ಲೂ ಅದೇ: "ಏನ್ ಮೇಡಂ, ಇಳಿದುಬಿಟ್ಟಿದ್ದೀರಿ! ಏನ್ ಮಾಡಿದ್ರಿ?" ತೂಕ ಇಳಿದದ್ದು ಒಂದೇ ಕಿಲೋ, ಈಗ 65. "ವಾಕಿಂಗ್" ಅಂದೆ. ಬಾಯಿಗೆ ಬಂದದ್ದು ಅದು. ಕೆಮಿಸ್ಟ್ರಿ ಮೇಡಂ ಬಿಡಬೇಕಲ್ಲ, "ಎಲ್ಲಿ? ಎಷ್ಟು ಹೊತ್ತಿಗೆ? ನಾನೂ ಬರ್ತೀನಿ." ಕುಕ್ಕರಹಳ್ಳಿ ಕೆರೆ, ಬೆಳಿಗ್ಗೆ ಆರಕ್ಕೆ.

ಇವತ್ತು ಮೊದಲ ದಿನ. ಅವರಿಗೆ ಮೊದಲ ದಿನ ಎಂದು ಅವರು ತಿಳಿದಿದ್ದಾರೆ. ಅರ್ಧ ಏರಿಗೇ ನನಗೆ ಏದುಸಿರು. "ನಿಮಗೋಸ್ಕರ ನಿಧಾನಕ್ಕೆ ನಡೀತಿದೀನಿ" ಅಂದೆ. ಹೆಜ್ಜಾರ್ಲೆಗಳು ನೀರಿನ ಮೇಲೆ ತಮ್ಮ ಜೋಲುಗತ್ತನ್ನು ಯಾವ ಸಂಕೋಚವೂ ಇಲ್ಲದೆ ತೇಲಿಸಿಕೊಂಡು ಹೋಗುತ್ತಿದ್ದವು.

2024 ಆಗಸ್ಟ್ 16, ಶುಕ್ರವಾರ. ವರಮಹಾಲಕ್ಷ್ಮಿ

ಸೊಂಟ 34. ಹಳೆಯ ಮೈಸೂರು ಸಿಲ್ಕ್ ಉಟ್ಟೆ, ನೆರಿಗೆ ಏಳು ಬಂದವು. ಹೋದ ವರ್ಷ ಐದಕ್ಕೇ ಸೆರಗು ಮೋಟಾಗಿತ್ತು. ಬಾವು ಪೂರ್ತಿ ಇಳಿದಿದೆ. ಅರಿಶಿನ ಕುಂಕುಮಕ್ಕೆ ಬಂದವರೆಲ್ಲ "ಈಗ ತೆಳ್ಳಗಾಗಿದ್ದೀರಲ್ಲ, ಇನ್ನೊಂದು ತಗೊಳ್ಳಿ" ಎಂದರು. ದಪ್ಪಗಿದ್ದಾಗ ಯಾರೂ ಬಲವಂತ ಮಾಡುತ್ತಿರಲಿಲ್ಲ. ಒಬ್ಬಟ್ಟು ಐದು ತಿಂದೆ. ವಾಕಿಂಗಿಗೆ ಮಳೆಯ ನೆಪ, ಹದಿನೈದು ದಿನದಿಂದ.

2024 ನವೆಂಬರ್ 10, ಭಾನುವಾರ

ದೀಪಾವಳಿ ಕಳೆದು ತೂಕ 66.4. ಎಲ್ಲಿಂದ ಹೊರಟಿದ್ದೆನೋ ಅಲ್ಲಿಗೆ ಬಂದು ಇನ್ನೂ ನಾಲ್ಕು ಹೆಜ್ಜೆ ಮುಂದೆ. ಎಚ್‌ಬಿಎ1ಸಿ 6.0.

ವಿಚಿತ್ರವೆಂದರೆ ಪಕ್ಕೆ ಹಾಗೇ ಇದೆ. ಬಿಗಿಯಾಗಿರುವುದು ರವಿಕೆಯ ತೋಳು, ಬೆನ್ನಿನ ಪಟ್ಟಿ. ಕನ್ನಡಿಯಲ್ಲಿ ಹಿಂತಿರುಗಿ ನೋಡಿಕೊಂಡೆ. ನನ್ನ ಕೊಬ್ಬು ಮನೆ ಬದಲಾಯಿಸಿದೆ, ಊರು ಬಿಟ್ಟಿಲ್ಲ.

ಪಾಠ ಮಾಡುವವಳಿಗೆ ಇದು ಗೊತ್ತಿರಬೇಕಿತ್ತು. ದೊಡ್ಡವರಾದ ಮೇಲೆ ಕೊಬ್ಬುಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ವರ್ಷಕ್ಕೆ ಹತ್ತರಲ್ಲಿ ಒಂದು ಸಾಯುತ್ತದೆ, ಅದರ ಜಾಗಕ್ಕೆ ಹೊಸದು ಬರುತ್ತದೆ. ಸ್ಟಾಕ್‌ಹೋಮಿನವರು 2008ರಲ್ಲಿ ಕಂಡುಹಿಡಿದ ಬಗೆ ಮಕ್ಕಳಿಗೆ ಬಹಳ ಇಷ್ಟ. ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14 ಕೋಶದಲ್ಲಿ ಎಷ್ಟಿದೆ ಎಂದು ಅಳೆದು ಅದರ ವಯಸ್ಸು ಹೇಳಿದರು. ತೆಗೆಸಿದ ಜಾಗದಲ್ಲಿ ಕೋಶಗಳು ಕಡಿಮೆ, ಸರಿ. ಆದರೆ ಒಬ್ಬಟ್ಟಿಗೆ ಜಾಗ ಬೇಕು, ಉಳಿದ ಕಡೆ ಇರುವ ಕೋಶಗಳು ಉಬ್ಬುತ್ತವೆ. ಕೊಲೊರಾಡೊದಲ್ಲಿ 32 ಹೆಂಗಸರನ್ನು ಎರಡು ಗುಂಪು ಮಾಡಿ ವರ್ಷ ಪೂರ್ತಿ ಗಮನಿಸಿದವರು 2011ರಲ್ಲಿ ಇದನ್ನೇ ಬರೆದರು: ವರ್ಷದೊಳಗೆ ಕೊಬ್ಬು ವಾಪಸ್, ತೆಗೆಸಿದ ತೊಡೆಗಲ್ಲ, ಹೊಟ್ಟೆಗೆ. ಸಾವೊ ಪಾಲೊದವರ ಅಧ್ಯಯನ ಅದಕ್ಕಿಂತ ಹೆದರಿಸಿತು. ಹೊಟ್ಟೆಯ ಕೊಬ್ಬು ತೆಗೆಸಿ ವ್ಯಾಯಾಮ ಮಾಡದೆ ಕೂತವರಲ್ಲಿ ಆರು ತಿಂಗಳಿಗೆ ಕರುಳಿನ ಸುತ್ತಲಿನ ಕೊಬ್ಬು ಶೇ. 10ರಷ್ಟು ಬೆಳೆದಿತ್ತು. ವಾರಕ್ಕೆ ಮೂರು ದಿನ ವ್ಯಾಯಾಮ ಮಾಡಿದವರಲ್ಲಿ ಬೆಳೆದಿರಲಿಲ್ಲ.

ಕೆಮಿಸ್ಟ್ರಿ ಮೇಡಂಗೆ ಫೋನ್ ಮಾಡಿ ನಾಳೆ ಆರಕ್ಕೆ ಅಂದೆ. ಅವರು ನಿಲ್ಲಿಸಿಯೇ ಇರಲಿಲ್ಲವಂತೆ. ನಾಲ್ಕು ಕಿಲೋ ಇಳಿದಿದ್ದಾರೆ. "ಎಲ್ಲ ನಿಮ್ಮ ಪುಣ್ಯ" ಅಂದರು. ಎಲ್ಲಿ ಮುಖ ಇಡಲಿ.

2024 ಡಿಸೆಂಬರ್ 1, ಭಾನುವಾರ

ಮೂರು ವಾರ ನನ್ನ ಕೈಯ ಮೇಲೇ ಕಣ್ಣಿಟ್ಟೆ. ಊಟಕ್ಕೆ ಕೂತಾಗ ನಾನು ಹೆಚ್ಚು ತಿನ್ನುವುದಿಲ್ಲ. ತಿನ್ನುವುದು ನಿಂತಾಗ. ಮಗಳು ತಟ್ಟೆಯಲ್ಲಿ ಬಿಟ್ಟ ಚಿತ್ರಾನ್ನ, ಫ್ರಿಜ್ಜಿಗೆ ಇಡಲು ಆಗದಷ್ಟು, ಬಿಸಾಡಲು ಮನಸ್ಸು ಬಾರದಷ್ಟು ಮಿಕ್ಕ ಪಲ್ಯ, ಬಾಣಲೆಗೆ ಅಂಟಿದ ಹಲ್ವ. ಅಮ್ಮನೂ ಹಾಗೇ ತಿಂದು ಹಾಗೇ ದಪ್ಪಗಾದಳು. ಕಾಲೇಜಿನ ಟೀ ದಿನಕ್ಕೆ ನಾಲ್ಕು, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ರಾಗಿಮುದ್ದೆ ತಿಂದರೆ ಇಳೀತಾರೆ ಎಂದು ಹೇಳುವವರು ಮುದ್ದೆಯ ಗಾತ್ರ ಹೇಳುವುದಿಲ್ಲ. ಇವರು ಕಟ್ಟುವ ಒಂದು ಮುದ್ದೆ ನನ್ನ ಎರಡು ಊಟ.

ಮಿಕ್ಕಿದ್ದು ಈಗ ಡಬ್ಬಿಗೆ, ಬೆಳಿಗ್ಗೆ ಕೆಲಸದಮ್ಮನ ಜೊತೆ ಕೂತು ತಿಂಡಿಗೆ. ಅನ್ನ ಒಂದು ಸೌಟು, ಕಾಳು ಎರಡು. ಊಟ ಎಂಟಕ್ಕೆ, ಅತ್ತೆಯ ಧಾರಾವಾಹಿಗೆ ಮುಂಚೆ. ಅವರು ಎರಡು ದಿನ ಗೊಣಗಿದರು, ಮೂರನೇ ದಿನ "ಎದೆಯುರಿ ಇಲ್ಲ ಕಣಮ್ಮ" ಅಂದರು.

2025 ಜನವರಿ 14, ಮಂಗಳವಾರ. ಸಂಕ್ರಾಂತಿ

ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿದೆ. ಇಪ್ಪತ್ತೆರಡು ಮನೆಯ ಪೊಟ್ಟಣ ಬಂದಿವೆ. ಎಲ್ಲ ಸೇರಿಸಿ ಅಕ್ಕನ ಮಕ್ಕಳಿಗೆ. ಕಬ್ಬು ಮಾತ್ರ ಒಂದು ಗಿಣ್ಣು ಸಿಗಿದೆ, ಅದಕ್ಕೆ ಲೆಕ್ಕ ಇಡಲಿಲ್ಲ. 64.2.

2025 ಏಪ್ರಿಲ್ 6, ಭಾನುವಾರ

ತೂಕ 63. ಎಚ್‌ಬಿಎ1ಸಿ 5.7, ಗಡಿಯ ಮೇಲೆ ಕಾಲಿಟ್ಟು ನಿಂತಿದೆ.

ಹೋದ ತಿಂಗಳು ಮೌಂಜಾರೊ ಎಂಬ ವಾರದ ಇಂಜೆಕ್ಷನ್ ಇಲ್ಲಿಗೂ ಬಂತಲ್ಲ, ಕೆರೆಯ ಏರಿಯ ಮೇಲೆ ಈಗ ಅದೇ ಮಾತು. ಕೆಮಿಸ್ಟ್ರಿ ಮೇಡಂ ತಂಗಿಗೆ ಬರೆದುಕೊಟ್ಟಿದ್ದಾರಂತೆ. ನಿಲ್ಲಿಸಿದರೆ ಬಹುಪಾಲು ಮರಳುತ್ತದೆ ಎಂದೆ. "ನಿಮಗೇನು ಮೇಡಂ, ಬರೀ ನಡೆದೇ ಇಳಿಸಿಬಿಟ್ರಿ" ಅಂದರು. ನಿಂತೆ. ಕಲ್ಲುಬೆಂಚಿನ ಮೇಲೆ ಕೂರಿಸಿ ಎಲ್ಲ ಹೇಳಿದೆ, ಸೋರಿದ ಸೀರೆ, ಹರ್ನಿಯಾ, ಒಬ್ಬಟ್ಟು, ಮೊದಲ ದಿನದ ಏದುಸಿರು. ಅವರು ಬಹಳ ಹೊತ್ತು ನೀರು ನೋಡುತ್ತಿದ್ದರು. "ಹಾಗಾದ್ರೆ ಇಲ್ಲಿ ಮೊದಲು ನಡೆದವಳು ನಾನು" ಅಂದರು ಕೊನೆಗೆ. ಎದ್ದು ನನ್ನ ಮುಂದೆ ಮುಂದೆ ನಡೆದರು, ಸ್ವಲ್ಪ ಬಿರುಸಾಗಿಯೇ.

ಸಂಜೆ ಟೈಲರಮ್ಮ ಅದೇ ಹಾಳೆ ತೆಗೆದರು. ಸೊಂಟ 33. ಮೇಲಿನ ಸಾಲು ನೋಡಿದರು, ನನ್ನ ಮುಖ ನೋಡಿದರು, ಏನೂ ಕೇಳಲಿಲ್ಲ. ತೋಳಿಗೆ ಟೇಪು ಸುತ್ತಿ, "ಇಲ್ಲಿ ಮಾತ್ರ ಅರ್ಧ ಇಂಚು ಜಾಸ್ತಿ ಆಗಿದೆಯಲ್ಲ. ಮಾರ್ಜಿನ್ ಬಿಡ್ಲಾ?"

"ಬಿಡಿ. ಸೊಂಟಕ್ಕೂ ಬಿಡಿ."

ಬುಧವಾರ ಬನ್ನಿ ಅಂದರು. ಅಂದರೆ ಶನಿವಾರ.