ಖಾಲಿ ರೈಡು ಯಾರ ಲೆಕ್ಕಕ್ಕೆ?

ಬ್ಯಾಸ್ಕೆಟ್‌ಬಾಲ್ ನೋಡುವವರಲ್ಲಿ ಒಂದು ಹಳೇ ಜಗಳ ಇದೆ. ಡಿಫೆನ್ಸ್ ಆಡುವವನ ನಿಜವಾದ ಬೆಲೆ ಅಂಕಿ-ಅಂಶದಲ್ಲಿ ಸಿಗುತ್ತಾ ಅಂತ. ಎನ್‌ಬಿಎಯವರು ಸ್ಟೀಲ್, ಬ್ಲಾಕ್‌ಗಳ ಲೆಕ್ಕ ಇಡೋಕೆ ಶುರು ಮಾಡಿದ್ದು 1973-74ರಲ್ಲಿ. ಆದರೆ ಎದುರಾಳಿಯನ್ನು ಮೂಲೆಗೆ ದಬ್ಬಿ, ಕೆಟ್ಟ ಶಾಟ್ ಹೊಡೆಯೋ ಹಾಗೆ ಮಾಡಿದವನ ಹೆಸರು ಅದರಲ್ಲಿ ಬರಲ್ಲ. 2009ರಲ್ಲಿ ಮೈಕಲ್ ಲೂಯಿಸ್ ಅನ್ನೋ ಲೇಖಕ ಶೇನ್ ಬ್ಯಾಟಿಯರ್ ಎಂಬ ಆಟಗಾರನ ಬಗ್ಗೆ ಬರೆದದ್ದು ಇದನ್ನೇ. ಅವನ ಸ್ವಂತ ಅಂಕಿಗಳು ಸಾಧಾರಣ, ಆದರೆ ಅವನು ಅಂಕಣದಲ್ಲಿದ್ದರೆ ತಂಡ ಚೆನ್ನಾಗಿ ಆಡುತ್ತೆ!

ನಾನು ಗೌರಿಬಿದನೂರು ಕಡೆಯವನು. ಇದನ್ನು ಓದಿದಾಗ ನನಗೆ ನೆನಪಾಗಿದ್ದು ಕಬಡ್ಡಿ :-)

ಇಂಜಿನಿಯರಿಂಗ್ ಓದುವಾಗ ಚಿಂತಾಮಣಿ ಕಡೆಯ ಒಬ್ಬ ಗೆಳೆಯ ಕವರ್‌ನಲ್ಲಿ ಆಡುತ್ತಿದ್ದ. ರೈಡರ್ ಒಳಗೆ ಬಂದ ತಕ್ಷಣ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಪಕ್ಕಕ್ಕೆ.. ಅಷ್ಟೇ. ಅವನ ಕಡೆ ಹೋಗೋಕೆ ಹೆದರಿ ರೈಡರ್ ಕಾರ್ನರ್‌ನವನ ಕೈಗೆ ಕಾಲು ಕೊಡುತ್ತಿದ್ದ. ಪಾಯಿಂಟು ಕಾರ್ನರ್‌ನವನಿಗೆ. ಆಯ್ಕೆಯ ದಿನ ಹಾಳೆ ನೋಡಿ "ನಿನ್ನ ಹೆಸರಲ್ಲಿ ಕ್ಯಾಚೇ ಇಲ್ವಲ್ಲಯ್ಯಾ" ಅಂದು ಅವನನ್ನು ಬಿಟ್ಟರು. ಆಮೇಲೆ ಅವನು ಅಂಕಣಕ್ಕೆ ಇಳಿಯಲೇ ಇಲ್ಲ.

ದೊಡ್ಡ ಕಬಡ್ಡಿಯಲ್ಲೂ ಇದೇ ಕಥೆ. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಗುಜರಾತ್ ವಿರುದ್ಧ 38-33ರಲ್ಲಿ ಪ್ರೊ ಕಬಡ್ಡಿ ಫೈನಲ್ ಗೆದ್ದಾಗ ಎಲ್ಲರ ಬಾಯಲ್ಲೂ ಪವನ್ ಸೆಹ್ರಾವತ್‌ನ 22 ಪಾಯಿಂಟು. ತಪ್ಪೇನಿಲ್ಲ, ಅದ್ಭುತ ಆಟ. ಆದರೆ ಗುಜರಾತಿನ ರೈಡರ್‌ಗಳು ಬರಿಗೈಯಲ್ಲಿ ವಾಪಸ್ ಹೋದ ರೈಡುಗಳು ಯಾರ ಖಾತೆಗೆ? ಯಾರ ಖಾತೆಗೂ ಇಲ್ಲ. ಪ್ರೊ ಕಬಡ್ಡಿಯಲ್ಲಿ ಸತತ ಎರಡು ಖಾಲಿ ರೈಡಾದರೆ ಮೂರನೆಯದು 'ಡೂ ಆರ್ ಡೈ', ಪಾಯಿಂಟು ತರದಿದ್ದರೆ ರೈಡರ್ ಔಟು. ಆ ಮೊದಲ ಎರಡನ್ನು ಖಾಲಿ ಮಾಡಿದವರು ಯಾರೋ, ಹೆಸರು ಬರೆಸಿಕೊಂಡವರು ಇನ್ಯಾರೋ!

ಹಾಗಾದರೆ ಇದು ಅಳತೆಗೆ ಸಿಗದ ಮಾಯೆಯಾ? ನನಗೆ ಹಾಗನ್ನಿಸಲ್ಲ. ಕಬಡ್ಡಿಯಲ್ಲಿ ಆಟಗಾರರು ಔಟಾಗಿ ಹೊರಗೆ ಹೋಗ್ತಾರೆ, ಜೀವ ಬಂದು ಒಳಗೆ ಬರ್ತಾರೆ. ಅವನು ಒಳಗಿದ್ದಾಗ ಪ್ರತಿ ರೈಡಿಗೆ ಎಷ್ಟು ಪಾಯಿಂಟು ಹೋಯ್ತು, ಹೊರಗಿದ್ದಾಗ ಎಷ್ಟು ಅಂತ ಕೂಡಿಸಿದರೆ ಸಾಕು, ಬ್ಯಾಟಿಯರ್ ಥರದವರು ಸಿಕ್ಕಿಬೀಳ್ತಾರೆ. ಒಂದೇ ಎಚ್ಚರ: ಏಳು ಜನರ ರಕ್ಷಣೆಯನ್ನು ನಾಲ್ಕು ಜನರದ್ದರ ಜೊತೆ ಹೋಲಿಸಬಾರದು. ಅಷ್ಟೇ ಜನ ಇದ್ದಾಗಿನ ರೈಡುಗಳನ್ನು ಮಾತ್ರ ಎದುರುಬದುರು ಇಡಬೇಕು. ಒಂದೆರಡು ಪಂದ್ಯದಲ್ಲಿ ಏನೂ ಗೊತ್ತಾಗಲ್ಲ, ಇಡೀ ಸೀಸನ್ ಬೇಕು.

ಆದರೂ ಆ ಸಂಖ್ಯೆ ಹೇಳೋದು 'ಇವನಿದ್ದರೆ ಲಾಭ' ಅಂತ ಮಾತ್ರ. ಆ ಅರ್ಧ ಹೆಜ್ಜೆಯ ಸುದ್ದಿ ಅದರಲ್ಲಿಲ್ಲ, ಅದಕ್ಕೆ ಆಟ ಬಲ್ಲ ಕಣ್ಣೇ ಬೇಕು. ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಶಾಲಾ ಮೈದಾನಗಳಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಯಾರೂ ಕೂರಲ್ಲ ಬಿಡಿ. ಆದರೆ ಸ್ಕೋರ್ ಹಾಳೆಯಲ್ಲಿ ಇನ್ನೊಂದು ಗೆರೆ ಎಳೆದು, ಖಾಲಿ ರೈಡಾದಾಗ ಅಂಕಣದಲ್ಲಿ ಯಾರ್ಯಾರಿದ್ದರು ಅಂತ ಬರೆಯೋಕೆ ಒಂದು ಪೆನ್ಸಿಲ್ ಸಾಕಲ್ವಾ?

ಏನಂತೀರಾ? ನಿಮ್ಮೂರ ತಂಡದಲ್ಲೂ ಇಂಥ ಒಬ್ಬ ಇದ್ದನಾ?